ಮುಚ್ಚಳ ತೆರೆದಿದ್ದರೂ ಮುಚ್ಚಿದೆ ಎನ್ನುವ ಲ್ಯಾಪ್‌ಟಾಪ್

ಲಿನಕ್ಸ್ ಬೂಟ್ ಆಗುವಾಗ ತೆರೆಯ ಮೇಲೆ ಸರಸರ ಓಡುವ ಸಾಲುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಎರಡು ಮಾತು ಬರೆದಿದ್ದೆ. ‘ಫರ್ಮ್‌ವೇರ್ ಬಗ್’ ಎಂದು ಶುರುವಾಗುವ ಸಾಲು ಕಂಡವರು ಬರೆಯಿರಿ ಎಂದಿದ್ದೆ. ಬರೆದೇ ಬಿಟ್ಟಿರಿ! ಈ ಸಲದ ಪುಟಗಳು ಪೂರ್ತಿ ಅದಕ್ಕೇ. ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಒಂಬತ್ತು ವರ್ಷ ಲ್ಯಾಪ್‌ಟಾಪ್ ಫರ್ಮ್‌ವೇರ್, ಅಂದರೆ ಯಂತ್ರದ ಚಿಪ್ಪಿನಲ್ಲೇ ಕೂತಿರುವ ಪ್ರೋಗ್ರಾಂ, ಬರೆದವಳು. ಆಮೇಲೆ ಬೇಲಿ ದಾಟಿ ಕರ್ನಲ್ ಕಡೆ, ಅಂದರೆ ಲಿನಕ್ಸ್‌ನ ತಿರುಳಿನ ಕಡೆ ಬಂದೆ. ಹಾಗಾಗಿ ಕೆಳಗಿನ ಬೈಗುಳದಲ್ಲಿ ಅರ್ಧ ಪಾಲು ನನಗೇ ಸೇರಬೇಕು.

ಪ್ರಶ್ನೆ: ಮೇಡಂ, ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದೆ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸ್ಗ್ ನೋಡಿದರೆ ‘ಫರ್ಮ್‌ವೇರ್ ಬಗ್: ಬ್ಯಾಟರಿ: ಡಿಸ್‌ಚಾರ್ಜ್ ರೇಟ್ ಇನ್‌ವ್ಯಾಲಿಡ್’ ಎಂದು ಕೆಂಪಕ್ಷರದಲ್ಲಿ ಇದೆ. ಬ್ಯಾಟರಿ ಹಾಳಾಗಿದೆಯೇ? ವಾಪಸ್ ಕೊಡಲೇ?

ಉತ್ತರ: ಕೊಡಬೇಡಿ, ಬ್ಯಾಟರಿ ಚೆನ್ನಾಗಿದೆ. ಲೆಕ್ಕ ತಪ್ಪಿದೆ, ಅಷ್ಟೇ. ಆ ಲೆಕ್ಕವನ್ನು ಕರ್ನಲ್ ಆಗಲೇ ಸರಿಮಾಡಿಕೊಂಡಿದೆ.

ಬಟನ್ ಒತ್ತಿದ ಕೂಡಲೇ ಮೊದಲು ಎದ್ದೇಳುವುದು ಫರ್ಮ್‌ವೇರ್. ಬಯಾಸ್ ಎಂಬ ಹಳೆ ಹೆಸರೇ ಎಲ್ಲರ ಬಾಯಲ್ಲಿ ನಿಂತಿದೆ, ಈಗಿನದು ಯುಇಎಫ್ಐ. ಅದು ಮೆಮೊರಿ, ಬಸ್ಸು (ಭಾಗಗಳ ನಡುವೆ ಮಾಹಿತಿ ಓಡಾಡುವ ದಾರಿ) ಎಲ್ಲವನ್ನೂ ಸಜ್ಜು ಮಾಡಿ, ‘ಈ ಯಂತ್ರದಲ್ಲಿ ಇಂತಿಂಥದ್ದು ಇದೆ’ ಎಂಬ ಟೇಬಲ್‌ಗಳನ್ನು ಕರ್ನಲ್ ಕೈಗಿಡುತ್ತದೆ. ಆ ಟೇಬಲ್‌ಗಳ ನಿಯಮಾವಳಿಗೆ ಎಸಿಪಿಐ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರಲ್ಲಿ ಅದರ ಮೊದಲ ಆವೃತ್ತಿ ತಂದವು. ಟೇಬಲ್ ಎಂದರೆ ಬರೀ ಪಟ್ಟಿ ಎಂದುಕೊಳ್ಳಬೇಡಿ. ಅದರೊಳಗೆ ಸಣ್ಣ ಸಣ್ಣ ಪ್ರೋಗ್ರಾಂಗಳೂ ಇರುತ್ತವೆ. ‘ಬ್ಯಾಟರಿಯಿಂದ ಈಗ ಎಷ್ಟು ಕರೆಂಟ್ ಹೋಗುತ್ತಿದೆ?’ ಎಂದು ಕರ್ನಲ್ ಕೇಳಿದರೆ, ಫರ್ಮ್‌ವೇರ್‌ನವರು ಬರೆದಿಟ್ಟ ಆ ಪುಟ್ಟ ಪ್ರೋಗ್ರಾಂ ಓಡಿ ಉತ್ತರ ಕೊಡಬೇಕು.

ನಿಮ್ಮ ಯಂತ್ರದಲ್ಲಿ ಆಗಿರುವುದು ಇದು. ಬ್ಯಾಟರಿ ಚಾರ್ಜ್ ಕಳೆದುಕೊಳ್ಳುವಾಗ ಅದರ ಚಿಪ್ಪು ಮೈನಸ್ ಸಂಖ್ಯೆ ಕೊಡುತ್ತದೆ. ಮೈನಸ್ 1,500 ಮಿಲಿಆಂಪ್ ಎಂದಿಟ್ಟುಕೊಳ್ಳಿ. 16 ಬಿಟ್‌ನಲ್ಲಿ ಮೈನಸ್ 1,500 ಬರೆಯುವ ರೀತಿಯೂ 64,036 ಬರೆಯುವ ರೀತಿಯೂ ಒಂದೇ. ಎಸಿಪಿಐ ನಿಯಮದ ಪ್ರಕಾರ ಈ ಜಾಗದಲ್ಲಿ ಮೈನಸ್ ಇರಲೇಬಾರದು. ಚಿಹ್ನೆ ತೆಗೆದು ಕೊಡುವುದು ಫರ್ಮ್‌ವೇರ್ ಕೆಲಸ. ಅದು ತೆಗೆಯದೆ ಹಾಗೇ ದಾಟಿಸಿದೆ. ಕರ್ನಲ್ ಅದನ್ನು ನಂಬಿದ್ದರೆ ನಿಮ್ಮ ಲ್ಯಾಪ್‌ಟಾಪ್ 64 ಆಂಪ್ ಕುಡಿಯುತ್ತಿದೆ, 4,000 ಮಿಲಿಆಂಪ್-ಗಂಟೆಯ ತುಂಬಿದ ಬ್ಯಾಟರಿ ನಾಲ್ಕೇ ನಿಮಿಷದಲ್ಲಿ ಖಾಲಿ ಎಂದು ತೋರಿಸುತ್ತಿತ್ತು. ಅಷ್ಟು ಕರೆಂಟ್ ನಿಜವಾಗಿ ಹರಿದರೆ ಮಡಿಲಲ್ಲಿ ಇಟ್ಟುಕೊಂಡು ಪತ್ರ ಬರೆಯಲು ಆಗುತ್ತಿರಲಿಲ್ಲ, ಅಲ್ವಾ? ಕರ್ನಲ್‌ನ ಬ್ಯಾಟರಿ ಡ್ರೈವರ್ ಆ ಸಂಖ್ಯೆ 16 ಬಿಟ್‌ನ ಲೆಕ್ಕದಲ್ಲಿ ಮೈನಸ್ ಆಗುತ್ತದೆಯೇ ಎಂದು ನೋಡುತ್ತದೆ, ಆಗಿದ್ದರೆ ಚಿಹ್ನೆ ತೆಗೆಯುತ್ತದೆ, ಒಂದೇ ಒಂದು ಸಲ ಆ ಸಾಲು ಬರೆದು ಮುಂದೆ ಹೋಗುತ್ತದೆ.

‘ಫರ್ಮ್‌ವೇರ್ ಬಗ್’ ಎಂಬ ಈ ಹಣೆಪಟ್ಟಿ 2008ರಿಂದ ಕರ್ನಲ್‌ನಲ್ಲಿದೆ. ಇದು ನಿಮ್ಮನ್ನು ಹೆದರಿಸಲು ಇಟ್ಟದ್ದಲ್ಲ. ಬಯಾಸ್ ಬರೆಯುವವರು ತಮ್ಮ ಯಂತ್ರದಲ್ಲಿ ಒಮ್ಮೆ ಲಿನಕ್ಸ್ ಓಡಿಸಿ ನೋಡಿದರೆ ತಪ್ಪು ಯಾರದ್ದು ಎಂದು ಹುಡುಕುವ ಕಷ್ಟ ಇರಬಾರದು ಎಂದು ಇಟ್ಟದ್ದು. ಅವರು ನೋಡುತ್ತಾರೋ ಇಲ್ಲವೋ ಬೇರೆ ಮಾತು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಮುಚ್ಚಳ ತೆರೆದರೆ ಏಳುತ್ತದೆ. ಪಾಸ್‌ವರ್ಡ್ ಹೊಡೆದು ಕೆಲಸ ಶುರು ಮಾಡಿ ಸುಮಾರು ಅರ್ಧ ನಿಮಿಷ ಆಗುವಷ್ಟರಲ್ಲಿ ಮತ್ತೆ ಮಲಗಿಬಿಡುತ್ತದೆ. ಪ್ರತಿ ಸಲ ಅಲ್ಲ, ಆಗಾಗ. ವಿಂಡೋಸ್‌ನಲ್ಲಿ ಈ ತೊಂದರೆ ಇಲ್ಲ. ಲಿನಕ್ಸ್ ತಪ್ಪು ತಾನೇ?

ಉತ್ತರ: ಅರ್ಧ ನಿಮಿಷ ಎಂದು ಬರೆದಿರಿ ನೋಡಿ, ನಿಮ್ಮ ಪತ್ರದಲ್ಲಿ ಚಿನ್ನದಂಥ ಮಾತು ಅದೇ. ಬಹಳ ಲಿನಕ್ಸ್ ವ್ಯವಸ್ಥೆಗಳಲ್ಲಿ ಮುಚ್ಚಳದ ಉಸ್ತುವಾರಿ, ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲಾಗಿನ್‌ಡಿ ಎಂಬ ಪ್ರೋಗ್ರಾಂನದು. ಎದ್ದ ಮೇಲೆ 30 ಸೆಕೆಂಡ್ ಅದು ಮುಚ್ಚಳದ ವಿಷಯಕ್ಕೆ ಕೈ ಹಾಕುವುದಿಲ್ಲ. ಆ ಗಡುವು ಮುಗಿದ ಮೇಲೆ ಕೇಳುತ್ತದೆ: ಮುಚ್ಚಳ ಹೇಗಿದೆ? ನಿಮ್ಮ ಫರ್ಮ್‌ವೇರ್ ‘ಮುಚ್ಚಿದೆ’ ಎನ್ನುತ್ತದೆ. ಮುಚ್ಚಿದ ಯಂತ್ರ ಎದ್ದಿರಬಾರದಲ್ಲ, ಮಲಗಿಸುತ್ತದೆ.

ಇದು ಹೇಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಾನೇ ಮಾಡಿದ್ದೇನೆ.

ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ, ಕೆಳಗೆ ಅದನ್ನು ಗುರುತಿಸುವ ಸೆನ್ಸರ್. ಸೆನ್ಸರ್ ಹೇಳಿದ್ದನ್ನು ನಾನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದೆ. ಕರ್ನಲ್ ಕೇಳಿದಾಗ ಆ ವೇರಿಯಬಲ್ ಕೊಡುವುದು, ಸೆನ್ಸರ್ ಬಳಿ ಪ್ರತಿ ಸಲ ಹೋಗುವುದು ಬೇಡ. ಜಾಣತನ ಎಂದುಕೊಂಡಿದ್ದೆ. ಮುಚ್ಚಿದಾಗ ವೇರಿಯಬಲ್ ಸೊನ್ನೆ ಆಗುತ್ತಿತ್ತು, ತೆರೆದಾಗ ಒಂದು. ಆದರೆ ಯಂತ್ರ ಮಲಗಿರುವಾಗ ಮುಚ್ಚಳ ತೆರೆದರೆ ಅದು ಏಳುವ ದಾರಿ ಬೇರೆ. ಆ ದಾರಿಯಲ್ಲಿ ವೇರಿಯಬಲ್ ಬದಲಿಸುವುದನ್ನು ನಾನು ಮರೆತಿದ್ದೆ. ತೆರೆದಿದೆ, ಆದರೆ ಪುಸ್ತಕದಲ್ಲಿ ಮುಚ್ಚಿದೆ ಎಂದೇ ಬರೆದಿದೆ.

ಪರೀಕ್ಷೆಯಲ್ಲಿ ಇದು ಸಿಗಲೇ ಇಲ್ಲ. ನಮ್ಮ ಪರೀಕ್ಷಾ ಪಟ್ಟಿಯಲ್ಲಿ ಇದ್ದದ್ದು ವಿಂಡೋಸ್ ಒಂದೇ. ವಿಂಡೋಸ್‌ಗೆ ಬೇಕಾದದ್ದು ‘ಈಗ ಮುಚ್ಚಿದರು’ ಎಂಬ ಸುದ್ದಿ. ಆ ಸುದ್ದಿ ಸರಿಯಾಗಿ ಹೋಗುತ್ತಿತ್ತು. ‘ಈಗ ಹೇಗಿದೆ?’ ಎಂಬ ಪ್ರಶ್ನೆಯ ಉತ್ತರ ತಪ್ಪಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಫರ್ಮ್‌ವೇರ್ ಲೋಕದ ಗುಟ್ಟು ಇಷ್ಟೇ. ಪರೀಕ್ಷೆಗೆ ಕೂತ ಆಪರೇಟಿಂಗ್ ಸಿಸ್ಟಂ ಯಾವ ದಾರಿಯಲ್ಲಿ ನಡೆಯಿತೋ ಆ ದಾರಿ ಸವೆದು ನುಣುಪಾಗಿರುತ್ತದೆ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಮುಳ್ಳು.

ಕೆಲಸ ಬಿಟ್ಟು ಕೆಲವು ವರ್ಷದ ಮೇಲೆ ಕರ್ನಲ್‌ನ ಮುಚ್ಚಳದ ಡ್ರೈವರ್ ಓದುತ್ತಾ ಕೂತಿದ್ದೆ. ಅಲ್ಲಿ ತಪ್ಪು ಹೇಳುವ ಯಂತ್ರಗಳ ಪಟ್ಟಿ ಇದೆ. ಒಂದರ ಬಗ್ಗೆ ‘ಎಲ್ಲಿಗೂ ಸೇರದ ಪಿನ್ ಓದುತ್ತದೆ’ ಎಂದಿದೆ. ಇನ್ನೊಂದು ‘ಪ್ರತಿ ಎರಡನೇ ಸಲ ತೆರೆದಾಗಲೂ ಮುಚ್ಚಿದೆ ಎನ್ನುತ್ತದೆ’. ಮತ್ತೊಂದು ಯಾವಾಗಲೂ ಮುಚ್ಚಿದೆ ಎಂದೇ ಹೇಳುತ್ತದೆ. ನಗುತ್ತಾ ಓದುತ್ತಿದ್ದೆ. ಆಮೇಲೆ ನಗು ನಿಂತಿತು. ನಾನು ಬರೆದ ಜಾಣತನದ ತಂಗಿಯರೇ ಇವೆಲ್ಲ.

ನಿಮಗೆ ಪರಿಹಾರ: ಕರ್ನಲ್ ಬೂಟ್ ಸಾಲಿಗೆ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ‘ಬಟನ್ ಡಾಟ್ ಲಿಡ್ ಅಂಡರ್‌ಸ್ಕೋರ್ ಇನಿಟ್ ಅಂಡರ್‌ಸ್ಕೋರ್ ಸ್ಟೇಟ್’ ಎಂಬ ಆಯ್ಕೆ ಸೇರಿಸಿ, ಅದರ ಮೌಲ್ಯ ‘ಓಪನ್’ ಎಂದು ಕೊಡಿ. ಬೂಟ್ ಆದಾಗಲೂ ನಿದ್ದೆಯಿಂದ ಎದ್ದಾಗಲೂ ಮುಚ್ಚಳ ತೆರೆದಿದೆ ಎಂದೇ ಕರ್ನಲ್ ಲಾಗಿನ್‌ಡಿಯಂಥ ಪ್ರೋಗ್ರಾಂಗಳಿಗೆ ತಿಳಿಸುತ್ತದೆ. ಸರಿಹೋದರೆ ಅಲ್ಲಿಗೇ ಬಿಡಬೇಡಿ. ಕರ್ನಲ್‌ನವರಿಗೆ ಬರೆದು ತಿಳಿಸಿ. ನಿಮ್ಮ ಮಾದರಿ ಆ ಪಟ್ಟಿಗೆ ಸೇರಿದರೆ ಮುಂದೆ ಅದನ್ನು ಬಳಸುವವರು ಯಾರೂ ಇಷ್ಟು ಒದ್ದಾಡಬೇಕಿಲ್ಲ.

ಪ್ರಶ್ನೆ: ಲಿನಕ್ಸ್ ಕರ್ನಲ್ ಫರ್ಮ್‌ವೇರ್ ಮುಂದೆ ‘ನಾನು ವಿಂಡೋಸ್’ ಎಂದು ಸುಳ್ಳು ಹೇಳುತ್ತದಂತೆ. ನಿಜವೇ? ನಿಜವಾದರೆ ನಾಚಿಕೆಗೇಡು. ತಪ್ಪು ಅವರದ್ದು, ತಲೆ ಬಗ್ಗಿಸುವುದು ನಾವೇಕೆ?

ಉತ್ತರ: ನಿಜ. ನಾಚಿಕೆಯ ಮಾತಿಗೆ ಆಮೇಲೆ ಬರುತ್ತೇನೆ.

ಎಸಿಪಿಐನಲ್ಲಿ ‘ಒಎಸ್ಐ’ ಎಂಬ ಪ್ರಶ್ನೆ ಇದೆ. ಫರ್ಮ್‌ವೇರ್ ಅದರ ಮೂಲಕ ‘ನೀನು ವಿಂಡೋಸ್ 2009 ಬಲ್ಲೆಯಾ? ವಿಂಡೋಸ್ 2012 ಬಲ್ಲೆಯಾ?’ ಎಂದು ಕೇಳುತ್ತದೆ. 2009 ಎಂದರೆ ವಿಂಡೋಸ್ 7, 2012 ಎಂದರೆ ವಿಂಡೋಸ್ 8, 2015 ಎಂದರೆ ವಿಂಡೋಸ್ 10. ಲಿನಕ್ಸ್ ಎಲ್ಲಕ್ಕೂ ಹೌದು ಎನ್ನುತ್ತದೆ. ‘ನೀನು ಲಿನಕ್ಸಾ?’ ಎಂದು ಕೇಳಿದರೆ ಮಾತ್ರ ಇಲ್ಲ ಎನ್ನುತ್ತದೆ! 2007ರಿಂದ ಹೀಗೇ.

ಮೊದಮೊದಲು ಹೌದು ಎನ್ನುತ್ತಿತ್ತು. ಆಗ ಏನಾಯಿತು ಗೊತ್ತೇ? ಒಬ್ಬ ಫರ್ಮ್‌ವೇರ್ ಬರೆಯುವವನು ಆ ವರ್ಷದ ಲಿನಕ್ಸ್‌ನಲ್ಲಿ ಒಂದು ಕೊರತೆ ನೋಡುತ್ತಾನೆ. ‘ಲಿನಕ್ಸ್ ಆದರೆ ಹೀಗೆ ಮಾಡು’ ಎಂದು ಬರೆದಿಡುತ್ತಾನೆ. ಕರ್ನಲ್ ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಆ ಕೊರತೆ ಮುಂದಿನ ಆವೃತ್ತಿಯಲ್ಲೇ ಹೋಗಿಬಿಡುತ್ತದೆ. ಫರ್ಮ್‌ವೇರ್ ಮಾತ್ರ ಹಾಗೇ ಉಳಿಯುತ್ತದೆ. ಈಗ ಇಲ್ಲದ ರೋಗಕ್ಕೆ ಔಷಧ ಕೊಡುತ್ತಾ ಕೂರುತ್ತದೆ. ಆ ಔಷಧವೇ ಹೊಸ ರೋಗ.

ಸುಳ್ಳಿನಿಂದ ಪೆಟ್ಟೂ ಬಿದ್ದಿದೆ. ವಿಂಡೋಸ್ 8 ಬಂದಾಗ ತೆರೆಯ ಬೆಳಕನ್ನು ಹೆಚ್ಚುಕಡಿಮೆ ಮಾಡುವ ರೀತಿ ಬದಲಾಯಿತು. ಫರ್ಮ್‌ವೇರ್ ಬದಲು ಗ್ರಾಫಿಕ್ಸ್ ಡ್ರೈವರ್ ಆ ಕೆಲಸ ವಹಿಸಿಕೊಂಡಿತು. ಲಿನಕ್ಸ್ ಎಂದಿನಂತೆ ‘ಹೌದು, ವಿಂಡೋಸ್ 2012 ಬಲ್ಲೆ’ ಎಂದಿತು. ‘ಹಾಗಾದರೆ ಬೆಳಕು ನೀನೇ ನೋಡಿಕೋ’ ಎಂದು ಹಲವು ಫರ್ಮ್‌ವೇರ್‌ಗಳು ಕೈ ತೊಳೆದುಕೊಂಡವು. ಲಿನಕ್ಸ್ ಇನ್ನೂ ಹಳೆ ದಾರಿಯಲ್ಲೇ ಬೆಳಕು ಕೇಳುತ್ತಿತ್ತು. ಬಟನ್ ಒತ್ತಿದರೆ ತೆರೆಯ ಮೇಲೆ ಪಟ್ಟಿ ಮೇಲೆ ಕೆಳಗೆ ಆಡುತ್ತದೆ, ಬೆಳಕು ಅಲ್ಲಾಡುವುದಿಲ್ಲ! 2013ರ ಸುಮಾರಿಗೆ ನನಗೆ ಗೊತ್ತಿದ್ದವರೆಲ್ಲ ಇದೇ ದೂರು ಹೇಳುತ್ತಿದ್ದರು. ಕೊನೆಗೆ ಕರ್ನಲ್ ಕೂಡ ಅಂಥ ಯಂತ್ರಗಳಲ್ಲಿ ಗ್ರಾಫಿಕ್ಸ್ ಡ್ರೈವರ್ ದಾರಿಗೇ ಬಂತು. ವಿಂಡೋಸ್ ಎಂದು ಹೇಳಿಕೊಂಡ ಮೇಲೆ ವಿಂಡೋಸ್‌ನಂತೆ ನಡೆದುಕೊಳ್ಳಬೇಕು ತಾನೇ.

ಈಗ ನಾಚಿಕೆ. ಯಂತ್ರ ಮಾರಾಟವಾದ ಒಂದೆರಡು ವರ್ಷಕ್ಕೆ ಅದರ ಫರ್ಮ್‌ವೇರ್ ತಂಡ ಬೇರೆ ಮಾದರಿಗೆ ಹೋಗಿರುತ್ತದೆ. ನಾನೇ ಹೋಗಿದ್ದೇನೆ. ಹಳೆ ಮಾದರಿಯ ತಪ್ಪು ಹೇಳಿಕೊಂಡು ಬಂದವರಿಗೆ ಉತ್ತರ ಕೊಡಲು ನನಗೆ ಸಮಯ ಕೊಟ್ಟವರು ಯಾರೂ ಇರಲಿಲ್ಲ. ತಪ್ಪು ಯಾರದ್ದು ಎಂದು ನ್ಯಾಯ ಕೇಳಬಹುದು. ಆದರೆ ಸರಿಮಾಡಲು ಕೈಯಲ್ಲಿ ಉಳಿದಿರುವ ಜಾಗ ಕರ್ನಲ್ ಒಂದೇ. ನಾನು ತೇಪೆ ಹಾಕುವವರ ಪರ. ಎಂಥ ತೇಪೆ ಎಂಬುದರಲ್ಲಿ ಮಾತ್ರ ನನ್ನ ತಕರಾರು. ಮುಂದೆ ಹೇಳುತ್ತೇನೆ.

ಪ್ರಶ್ನೆ: ರೀಬೂಟ್ ಕೊಟ್ಟರೆ ನನ್ನ ಡೆಸ್ಕ್‌ಟಾಪ್ ಎಲ್ಲ ಮುಚ್ಚಿ, ಕಪ್ಪು ತೆರೆಯಲ್ಲಿ ನಿಂತುಬಿಡುತ್ತದೆ. ಪವರ್ ಬಟನ್ ಹಿಡಿದು ಆರಿಸಬೇಕು. ರೀಬೂಟ್ ಮಾಡುವುದು ಅಷ್ಟು ಕಷ್ಟವೇ?

ಉತ್ತರ: ನಂಬಿ, ಕಷ್ಟ! ರೀಬೂಟ್ ಎಂಬ ಒಂದು ಕೆಲಸಕ್ಕೆ ಕರ್ನಲ್‌ನಲ್ಲಿ ಪ್ರತ್ಯೇಕ ಫೈಲ್ ಇದೆ. ಅದರಲ್ಲಿ ‘ಈ ಯಂತ್ರಕ್ಕೆ ಈ ರೀತಿ’ ಎಂಬ ಉದ್ದ ಪಟ್ಟಿ ಇದೆ.

ಸಾಮಾನ್ಯ ಯಂತ್ರಕ್ಕೆ ಕರ್ನಲ್ ಹೀಗೆ ಮಾಡುತ್ತದೆ. ಎಸಿಪಿಐ ಹೇಳಿದ ರೀಸೆಟ್ ರಿಜಿಸ್ಟರ್‌ಗೆ (ಹಾರ್ಡ್‌ವೇರ್‌ನಲ್ಲಿರುವ ಪುಟ್ಟ ಜಾಗ) ಬರೆಯುತ್ತದೆ. ಇನ್ನೂ ಜೀವ ಇದೆಯೇ? ಕೀಬೋರ್ಡ್ ಕಂಟ್ರೋಲರ್‌ಗೆ ಹೇಳುತ್ತದೆ. ಹೌದು, ಕೀಬೋರ್ಡ್. ಹಿಂದೆ ಯಾವಾಗಲೋ ರೀಸೆಟ್ ತಂತಿಯನ್ನು ಆ ಚಿಪ್ಪಿಗೆ ಕಟ್ಟಿದರು, ಆ ನಂಟು ಇನ್ನೂ ಬಿಟ್ಟಿಲ್ಲ. ಇನ್ನೂ ಜೀವ ಇದೆಯೇ? ಮತ್ತೆ ಎಸಿಪಿಐ. ಮತ್ತೆ ಕೀಬೋರ್ಡ್. ಎರಡೆರಡು ಸಲ ಯಾಕೆ ಎಂದರೆ ವಿಂಡೋಸ್ ಹಾಗೆ ಮಾಡುತ್ತದೆ, ಯಂತ್ರಗಳು ಅದನ್ನೇ ನಿರೀಕ್ಷಿಸುತ್ತವೆ. ಆಮೇಲೂ ಉಳಿದರೆ ಇಎಫ್ಐ, ಅಂದರೆ ಮೇಲೆ ಹೇಳಿದ ಯುಇಎಫ್ಐ, ಅದೂ ಇಲ್ಲದ ಯಂತ್ರದಲ್ಲಿ ಹಳೆ ಬಯಾಸ್. ನೀವು ‘ರೀಬೂಟ್ ಸಮ ಪಿಸಿಐ’ ಎಂಬ ಬೂಟ್ ಆಯ್ಕೆ ಕೊಟ್ಟು ನೋಡಿ. ಆಗದಿದ್ದರೆ ಪಿಸಿಐ ಜಾಗದಲ್ಲಿ ಇಎಫ್ಐ ಹಾಕಿ. ಹೆಚ್ಚಿನವರಿಗೆ ಎರಡರಲ್ಲಿ ಒಂದು ಕೆಲಸ ಮಾಡುತ್ತದೆ.

ಪ್ರಶ್ನೆ: ಇಂಥ ತೇಪೆಗಳಿಂದ ಯಂತ್ರಕ್ಕೇ ಅಪಾಯ ಆಗಬಹುದೇ? ಲಿನಕ್ಸ್ ಹಾಕಿ ಲ್ಯಾಪ್‌ಟಾಪ್ ಸತ್ತೇ ಹೋಯಿತು ಎಂದು ಒಬ್ಬರು ಹೆದರಿಸಿದರು.

ಉತ್ತರ: ಹೆದರಿಸಿದವರು ಸುಮ್ನೆ ಹೇಳಿದ್ದಲ್ಲ. 2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಯುಇಎಫ್ಐ ಮೂಲಕ ಲಿನಕ್ಸ್ ಬೂಟ್ ಮಾಡಿದ ಮೇಲೆ ಮತ್ತೆ ಏಳಲೇ ಇಲ್ಲ. ಮೊದಲು ಕರ್ನಲ್‌ನ ಒಂದು ಡ್ರೈವರ್ ಮೇಲೆ ಗುಮಾನಿ ಬಂತು. ಅದನ್ನು ಯುಇಎಫ್ಐ ಬೂಟ್‌ನಲ್ಲಿ ನಿಲ್ಲಿಸಿದರು. ಆಮೇಲೆ ಗೊತ್ತಾಯಿತು, ಮೂಲ ಬೇರೆ ಇದೆ. ಯುಇಎಫ್ಐ ತನ್ನ ವೇರಿಯಬಲ್‌ಗಳನ್ನು ಬರೆದಿಡಲು ಚಿಕ್ಕ ಫ್ಲಾಶ್ ಜಾಗ ಇಟ್ಟುಕೊಂಡಿರುತ್ತದೆ. ಆ ಜಾಗ ತುಂಬುತ್ತಾ ಬಂದರೆ ಆ ಫರ್ಮ್‌ವೇರ್ ಮುಂದಿನ ಸಲ ತಲೆ ಎತ್ತುತ್ತಿರಲಿಲ್ಲ. ವಿಂಡೋಸ್‌ನಿಂದ ತುಂಬಿಸಿದರೂ ಅದೇ ಗತಿ ಎಂದು ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ತೋರಿಸಿದರು.

ಕರ್ನಲ್‌ನವರು ಆಗ ಹಾಕಿದ ತೇಪೆ ಒರಟಾಗಿತ್ತು. ಅರ್ಧ ಜಾಗ ತುಂಬಿದ್ದರೆ ಇನ್ನು ಬರೆಯುವುದೇ ಬೇಡ ಎಂದರು. ಎಷ್ಟೋ ಒಳ್ಳೆಯ ಯಂತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಿಯೇ ಇರುತ್ತಿತ್ತು. ಅಲ್ಲಿ ಬೂಟ್ ನಮೂದು ಬರೆಯಲೂ ಆಗದೆ ಲಿನಕ್ಸ್ ಹಾಕುವುದೇ ನಿಂತಿತು. ಒಬ್ಬನ ಕಾಯಿಲೆಗೆ ಊರಿಗೆಲ್ಲ ಪಥ್ಯ! ಆಮೇಲೆ ಅದನ್ನು ಸಡಿಲಿಸಿ, ಸುಮಾರು 5 ಕೆಬಿ ಖಾಲಿ ಉಳಿದರೆ ಸಾಕು ಎಂದು ಬದಲಿಸಿದರು.

2016ರಲ್ಲಿ ಇನ್ನೊಂದು. ಯುಇಎಫ್ಐ ವೇರಿಯಬಲ್‌ಗಳು ಲಿನಕ್ಸ್‌ನಲ್ಲಿ ಫೈಲ್‌ಗಳಂತೆ ಕಾಣುತ್ತವೆ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಎಲ್ಲ ಫೈಲ್ ಅಳಿಸುವ ಕಮಾಂಡ್ ಕೊಟ್ಟರೆ ಅವೂ ಅಳಿಯುತ್ತವೆ. ಡಿಸ್ಕ್ ಖಾಲಿಯಾದರೆ ಮತ್ತೆ ತುಂಬಿಸಬಹುದು. ಆದರೆ ಕೆಲವು ಫರ್ಮ್‌ವೇರ್‌ಗಳು ತಮ್ಮದೇ ವೇರಿಯಬಲ್ ಕಾಣದೆ ಹೋದರೆ ಏಳುವುದಿಲ್ಲ. ನಿಯಮದ ಪ್ರಕಾರ ಏಳಬೇಕು. ಕರ್ನಲ್ 4.5ರಿಂದ, ಅಳಿಸಿದರೆ ಪರವಾಗಿಲ್ಲ ಎಂದು ಗೊತ್ತಿರುವ ಕೆಲವನ್ನು ಬಿಟ್ಟು ಉಳಿದವಕ್ಕೆ ಬೀಗ ಹಾಕಿದರು. ಬೇಕೆಂದೇ ಬೀಗ ತೆಗೆಯದೆ ಅಳಿಸಲಾಗದು. ಇದು ನನಗೆ ಇಷ್ಟವಾದ ತೇಪೆ. ಯಾವ ಕಂಪನಿಯ ಹೆಸರೂ ಇಲ್ಲ, ಯಾರ ಕೆಲಸಕ್ಕೂ ಅಡ್ಡಿಯಿಲ್ಲ, ತಪ್ಪು ಹೆಜ್ಜೆಯ ಮುಂದೆ ಒಂದು ಬಾಗಿಲು ಅಷ್ಟೇ.

ಪ್ರಶ್ನೆ: ಅಕ್ಕಾ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನನ್ನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಒಂದು ಬೂಟ್ ಆಯ್ಕೆ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಕರ್ನಲ್‌ಗೆ ನಾನೇ ಕ್ವರ್ಕ್ ಪ್ಯಾಚ್ (ಒಂದು ಮಾದರಿಯ ತಪ್ಪಿಗೆಂದೇ ಹಾಕುವ ತೇಪೆ) ಕಳಿಸಬೇಕು ಎಂದಿದ್ದೇನೆ. ಹೇಗೆ ಬರೆದರೆ ಒಪ್ಪುತ್ತಾರೆ?

ಉತ್ತರ: ಬಹಳ ಖುಷಿಯಾಯಿತು. ಮೊದಲ ಪ್ಯಾಚ್‌ಗೆ ಕ್ವರ್ಕ್ ಒಳ್ಳೆಯ ಆರಂಭ. ಕೋಡ್ ನಾಲ್ಕೈದು ಸಾಲು. ಕಷ್ಟ ಇರುವುದು ಆ ಸಾಲುಗಳ ಸುತ್ತ.

ಯಂತ್ರವನ್ನು ಗುರುತಿಸಲು ಡಿಎಂಐ ಎಂಬ ಮಾಹಿತಿ ಇರುತ್ತದೆ: ತಯಾರಕರ ಹೆಸರು, ಮಾದರಿ, ಬೋರ್ಡ್, ಬಯಾಸ್ ಆವೃತ್ತಿ. ಡಿಎಂಐಡಿಕೋಡ್ ಎಂಬ ಕಮಾಂಡ್ ಓಡಿಸಿದರೆ ಎಲ್ಲ ಸಿಗುತ್ತದೆ. ಮೊದಲು ಅದನ್ನು ಕಣ್ಣಿಟ್ಟು ನೋಡಿ. ತಯಾರಕರ ಹೆಸರಿನ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಒ.ಇ.ಎಂ.’ ಎಂದಿದ್ದರೆ ಅಲ್ಲೇ ನಿಲ್ಲಿ. ‘ಇಲ್ಲಿ ತಯಾರಕರು ತಮ್ಮ ಹೆಸರು ಬರೆಯತಕ್ಕದ್ದು’ ಎಂಬ ಖಾಲಿ ಫಾರಂನ ಸಾಲು ಅದು. ಬರೆಯದೆ ಹಾಗೇ ಯಂತ್ರ ಕಳಿಸಿದ್ದಾರೆ. ಲೆಕ್ಕವಿಲ್ಲದಷ್ಟು ಯಂತ್ರಗಳು ಅದೇ ಸಾಲು ಹೊತ್ತು ತಿರುಗುತ್ತವೆ. ನೀವು ಅದನ್ನು ಗುರುತು ಮಾಡಿದರೆ ನಿಮ್ಮ ತೇಪೆ ಎಲ್ಲರ ಮೈಮೇಲೂ ಬೀಳುತ್ತದೆ. ಬೋರ್ಡ್ ಹೆಸರು, ಬಯಾಸ್ ದಿನಾಂಕ ಸೇರಿಸಿ ಗುರಿ ಕಿರಿದು ಮಾಡಿ.

ಎರಡನೆಯದು ಕಾರಣ. ‘ಈ ಆಯ್ಕೆ ಹಾಕಿದರೆ ಸರಿಹೋಗುತ್ತದೆ’ ಎಂದಷ್ಟೇ ಬರೆದ ಪ್ಯಾಚ್ ಎಷ್ಟೋ ನೋಡಿದ್ದೇನೆ, ಒಂದೆರಡು ನಾನೇ ಬರೆದಿದ್ದೇನೆ. ಐದು ವರ್ಷದ ಮೇಲೆ ಅದನ್ನು ತೆಗೆಯಬಹುದೇ ಎಂದು ಯಾರಿಗೂ ಹೇಳಲಾಗುವುದಿಲ್ಲ. ಆ ಯಂತ್ರ ಯಾರ ಬಳಿಯೂ ಇರುವುದಿಲ್ಲ. ಫರ್ಮ್‌ವೇರ್ ಏನು ಹೇಳಬೇಕಿತ್ತು, ಏನು ಹೇಳಿತು, ಅದರಿಂದ ಯಾವ ಕೋಡ್ ಎಡವಿತು ಎಂಬ ಮೂರನ್ನು ಬರೆಯಿರಿ. ಡಿಮೆಸ್ಗ್ ಸಾಲುಗಳನ್ನು ಹಾಗೇ ಅಂಟಿಸಿ.

ಮೂರನೆಯದು ತೇಪೆಯ ಅಂಚು. ಅದಕ್ಕೆ ನಿಮ್ಮ ಟಚ್‌ಪ್ಯಾಡೇ ಒಳ್ಳೆಯ ಉದಾಹರಣೆ ಇರಬಹುದು. ನಿಮ್ಮ ಆಯ್ಕೆ ‘ಪಿಸಿಐ ಸಮ ನೋ ಇ820’ ಆಗಿದ್ದರೆ ಅದರ ಹಿಂದಿನ ಕತೆ ಹೀಗಿದೆ. ಪಿಸಿಐ ಎಂಬ ಬಸ್ಸಿಗೆ ಸೇರಿದ ಸಾಧನಗಳಿಗೆ ವಿಳಾಸ ಹಂಚಲು ಯಾವ ಜಾಗ ಖಾಲಿ ಇದೆ ಎಂದು ಎಸಿಪಿಐ ಹೇಳುತ್ತದೆ. ಹಳೆ ಬಯಾಸ್‌ಗಳು ಇದರಲ್ಲಿ ಬಹಳ ತಪ್ಪು ಮಾಡುತ್ತಿದ್ದವು. ಅದಕ್ಕೆ ಲಿನಕ್ಸ್, ಬಯಾಸ್ ದಿನಾಂಕ 2008 ಅಥವಾ ಆಮೇಲಿನದಾದರೆ ಮಾತ್ರ ಆ ಮಾತು ನಂಬುವುದು ಎಂದು ಗೆರೆ ಎಳೆಯಿತು. ನಂಬಿದರೂ ಪೂರ್ತಿ ನಂಬಲಿಲ್ಲ. ಇ820 ಎಂಬ ಮೆಮೊರಿ ಪಟ್ಟಿಯಲ್ಲಿ ‘ಕಾದಿರಿಸಿದೆ’ ಎಂದಿದ್ದ ಜಾಗವನ್ನು ಅದರಿಂದ ಕತ್ತರಿಸಿ ಹಾಕಿತು. ಅದೂ ಕೆಲವು ಬಯಾಸ್‌ಗಳ ತಪ್ಪಿಗೆ ಹಾಕಿದ ತೇಪೆಯೇ. ಎಷ್ಟೋ ವರ್ಷದ ಮೇಲೆ ಹೊಸ ಲ್ಯಾಪ್‌ಟಾಪ್‌ಗಳು ಬಂದವು. ಅವುಗಳ ಇ820 ಪಟ್ಟಿ, ಪಿಸಿಐಗೆ ಕೊಟ್ಟ ಜಾಗವನ್ನೇ ಪೂರ್ತಿ ‘ಕಾದಿರಿಸಿದೆ’ ಎಂದಿತು. ಕತ್ತರಿಸಿದ ಮೇಲೆ ಏನೂ ಉಳಿಯಲಿಲ್ಲ. ವಿಳಾಸ ಸಿಗದ ಟಚ್‌ಪ್ಯಾಡ್ ಸತ್ತುಬಿತ್ತು. ಹಳೆ ತೇಪೆ ಹೊಸ ಬಟ್ಟೆ ಹರಿದದ್ದು ಹೀಗೆ. ಸುಮ್ಮನೆ ಕಿತ್ತರೆ ಹಳೆ ಯಂತ್ರ ಕೆಡುತ್ತದೆ. ಕೊನೆಗೆ ತಪ್ಪಿದ ಮಾದರಿಗಳಿಗೆ ಪಟ್ಟಿ ಮಾಡಿದರು, 2023 ಮತ್ತು ಆಮೇಲಿನ ಬಯಾಸ್ ದಿನಾಂಕ ಇದ್ದರೆ ಕತ್ತರಿಸುವುದೇ ಬೇಡ ಎಂದು ಇನ್ನೊಂದು ಗೆರೆ ಎಳೆದರು.

ಮೇಲೆ ತಕರಾರು ಎಂದೆನಲ್ಲ, ಅದು ಇದೇ. ತೇಪೆಗೆ ಅಂಚು ಇರಬೇಕು, ಹಾಕಿದ್ದು ಕಾಣಬೇಕು. ಸದ್ದಿಲ್ಲದೆ ಹಾಕಿದ ತೇಪೆಯಿಂದ ಫರ್ಮ್‌ವೇರ್‌ನವರಿಗೆ ತಮ್ಮ ತಪ್ಪು ಎಂದೂ ತಿಳಿಯುವುದಿಲ್ಲ, ಮುಂದಿನ ಮಾದರಿಗೂ ಅದನ್ನೇ ಕಾಪಿ ಮಾಡುತ್ತಾರೆ. ನಾನು ಮುಚ್ಚಳದ ಕೋಡನ್ನು ಎರಡು ಮಾದರಿಗೆ ಕಾಪಿ ಮಾಡಿದ್ದೆ. ಹಾಗೆಯೇ ‘ಫರ್ಮ್‌ವೇರ್ ಬಗ್’ ಎಂದು ಕೂಗುವ ಮುಂಚೆ ನಿಮ್ಮ ಡ್ರೈವರ್ ಕೂಡ ಒಮ್ಮೆ ನೋಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ನಿಜವಾಗಿ ಡೊಂಕಾಗಿರುವುದೂ ಉಂಟು, ಅಳೆದು ಹೇಳಿದರೆ ಆಯಿತು.

ಪ್ರಶ್ನೆ: ಫರ್ಮ್‌ವೇರ್ ಟೇಬಲನ್ನೇ ತೆಗೆದು, ತಿದ್ದಿ, ಮತ್ತೆ ಹಾಕಬಹುದಂತೆ. ಮಾಡಲೇ?

ಉತ್ತರ: ಕಲಿಯುವುದಕ್ಕೆ ಖಂಡಿತ ಮಾಡಿ. ಐಎಎಸ್ಎಲ್ ಎಂಬ ಉಪಕರಣದಿಂದ ಎಸಿಪಿಐನ ಮುಖ್ಯ ಟೇಬಲ್ ಆದ ಡಿಎಸ್‌ಡಿಟಿಯನ್ನು ಬಿಚ್ಚಿ ಓದಬಹುದು. ತಿದ್ದಿದ್ದನ್ನು ಇನಿಟ್‌ಆರ್‌ಡಿ (ಬೂಟ್ ಆಗುವಾಗ ಕರ್ನಲ್ ಜೊತೆ ಮೆಮೊರಿಗೆ ಬರುವ ಫೈಲ್‌ಗಳ ಗಂಟು) ಮೂಲಕ ಕರ್ನಲ್‌ಗೆ ಕೊಡಬಹುದು. ಸಹಿ ಇರುವ ಕೋಡನ್ನು ಮಾತ್ರ ಬೂಟ್ ಮಾಡಲು ಬಿಡುವ ಸೆಕ್ಯೂರ್ ಬೂಟ್ ಇದ್ದರೆ ಕರ್ನಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ದಿನಬಳಕೆಗೆ ಬೇಡ. ನಾಳೆ ಬಯಾಸ್ ಅಪ್‌ಡೇಟ್ ಮಾಡುತ್ತೀರಿ, ನಿಮ್ಮ ಹಳೆ ಟೇಬಲ್ ಹೊಸದರ ಮೇಲೆ ಕೂರುತ್ತದೆ. ಆಗಿನ ತಪ್ಪು ನಿಮ್ಮೊಬ್ಬರದೇ. ಬೇರೆಯವರ ಯಂತ್ರದ ಟೇಬಲ್ ತಂದು ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಪ್ರಶ್ನೆ: ‘ಟಿಎಸ್‌ಸಿ ಅಡ್ಜಸ್ಟ್’ ಎಂಬ ಫರ್ಮ್‌ವೇರ್ ಬಗ್ ಸಾಲು ನನ್ನ ಯಂತ್ರದಲ್ಲಿದೆ. ಏನಿದು?

ಉತ್ತರ: ಇದು ನನ್ನ ಅಚ್ಚುಮೆಚ್ಚಿನದು! ಪ್ರೊಸೆಸರ್ ಒಳಗೆ ಎಣಿಸುತ್ತಲೇ ಇರುವ ಒಂದು ಗಡಿಯಾರ ಇದೆ, ಟಿಎಸ್‌ಸಿ. ಇನ್ನೊಂದು ಕಡೆ ಎಸ್‌ಎಂಎಂ ಎಂಬ ಗುಪ್ತ ಸ್ಥಿತಿ ಇದೆ. ಇಂಟೆಲ್ 1990ರಲ್ಲಿ 386ಎಸ್‌ಎಲ್ ಚಿಪ್ಪಿನಲ್ಲಿ ತಂದದ್ದು. ಫರ್ಮ್‌ವೇರ್ ಬೇಕೆಂದಾಗ ಅದರೊಳಗೆ ಹೋಗುತ್ತದೆ. ಆಗ ಕರ್ನಲ್ ಪೂರ್ತಿ ನಿಂತಿರುತ್ತದೆ, ನಿಂತದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ. ಗಡಿಯಾರ ನೋಡಿದರೆ ಮಾತ್ರ ಗೊತ್ತಾಗಬೇಕು. ಕೆಲವು ಫರ್ಮ್‌ವೇರ್‌ಗಳು ಒಳಗೆ ಕಳೆದ ಸಮಯ ಬಯಲಾಗದಿರಲಿ ಎಂದು ಹೊರಬರುವಾಗ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುತ್ತಿದ್ದವು. ಒಂದು ಕೋರ್‌ನ ಗಡಿಯಾರ ಹಿಂದೆ, ಇನ್ನೊಂದರದು ಮುಂದೆ. ಹೊಸ ಪ್ರೊಸೆಸರ್‌ಗಳಲ್ಲಿ ಗಡಿಯಾರ ಎಷ್ಟು ತಿರುಗಿಸಿದರು ಎಂಬುದಕ್ಕೂ ಒಂದು ರಿಜಿಸ್ಟರ್ ಇದೆ. 2017ರಲ್ಲಿ ಬಂದ ಕರ್ನಲ್ 4.10ರಿಂದ ಲಿನಕ್ಸ್ ಅದನ್ನು ಪರೀಕ್ಷಿಸಿ, ಕೋರ್‌ಗಳ ನಡುವೆ ಬೇರೆಬೇರೆ ಇದ್ದರೆ ಸರಿಪಡಿಸಿ, ಆ ಸಾಲು ಬರೆಯುತ್ತದೆ. ಒಂದೇ ಸಲ ಬೂಟ್‌ನಲ್ಲಿ ಕಂಡರೆ ಬಿಟ್ಟುಬಿಡಿ. ನಡುನಡುವೆ ಮತ್ತೆ ಬಂದರೆ ಬಯಾಸ್ ಅಪ್‌ಡೇಟ್ ಹುಡುಕಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಬೂಟ್ ಸಾಲಿಗೆ ಐದಾರು ಆಯ್ಕೆ ಸೇರಿಸಿದ್ದೆ. ಆಮೇಲೆ ಬಯಾಸ್ ಎರಡು ಸಲ ಅಪ್‌ಡೇಟ್ ಆಗಿದೆ. ಅವು ಇನ್ನೂ ಬೇಕೇ ಎಂದು ತಿಳಿಯುವುದು ಹೇಗೆ?

ಉತ್ತರ: ತೆಗೆದು ನೋಡುವುದೇ ದಾರಿ. ಒಂದು ಸಲಕ್ಕೆ ಒಂದೇ ತೆಗೆಯಿರಿ. ಬೂಟ್ ಮೆನುವಿನಲ್ಲೇ ತಾತ್ಕಾಲಿಕವಾಗಿ ಅಳಿಸಿ. ಕೆಟ್ಟರೆ ಮುಂದಿನ ಬೂಟ್‌ನಲ್ಲಿ ತಾನಾಗಿ ಮರಳುತ್ತದೆ. ಮಲಗಿಸಿ ಎಬ್ಬಿಸುವುದನ್ನೂ ಮರೆಯದೆ ನೋಡಿ, ಫರ್ಮ್‌ವೇರ್ ಜಾಸ್ತಿ ಎಡವುವುದು ಅಲ್ಲೇ. ಕರ್ನಲ್ ತಾನೇ ದೊಡ್ಡ ತೇಪೆ ಹಾಕಿಕೊಂಡಿದೆಯೇ ಎಂದು ನೋಡಲು, ಕರ್ನಲ್ ತನ್ನ ಸ್ಥಿತಿ ತೋರಿಸುವ ಪ್ರೋಕ್ ಫೈಲ್‌ಗಳಲ್ಲಿ ‘ಟೇಂಟೆಡ್’ ಎಂಬುದಿದೆ. ಅದರ ಸಂಖ್ಯೆಯಲ್ಲಿ 2048 ಸೇರಿದ್ದರೆ, ಫರ್ಮ್‌ವೇರ್ ತಪ್ಪಿಗೆ ಪರಿಹಾರ ಹಾಕಲಾಗಿದೆ ಎಂದರ್ಥ. ಎಲ್ಲ ಕ್ವರ್ಕ್‌ಗಳೂ ಅಲ್ಲಿ ಗುರುತು ಬಿಡುವುದಿಲ್ಲ, ಗಂಭೀರ ಕೆಲವು ಮಾತ್ರ.

ನಿಮ್ಮ ಪತ್ರ ಓದಿ ನನ್ನ ಲ್ಯಾಪ್‌ಟಾಪ್‌ನ ಬೂಟ್ ಸಾಲು ತೆಗೆದು ನೋಡಿದೆ. ನಾಲ್ಕು ಆಯ್ಕೆ ಇದ್ದವು. ಮೂರು ಯಾಕೆ ಎಂದು ನೆನಪಿತ್ತು. ಕೀಬೋರ್ಡ್ ಕಂಟ್ರೋಲರ್‌ಗೆ ಸಂಬಂಧಿಸಿದ ನಾಲ್ಕನೆಯದನ್ನು ಯಾವಾಗ ಹಾಕಿದೆ, ಯಾಕೆ ಹಾಕಿದೆ, ಎಲ್ಲೂ ಬರೆದಿಟ್ಟಿಲ್ಲ. ಸೋಮವಾರ ಅದನ್ನು ಅಳಿಸಿದೆ. ಇವತ್ತು ಗುರುವಾರ, ಈ ಅಂಕಣ ಅದೇ ಕೀಬೋರ್ಡಿನಲ್ಲಿ ಬರೆಯುತ್ತಿದ್ದೇನೆ. ಇನ್ನೂ ಏನೂ ಆಗಿಲ್ಲ.